ಫೆಂಡರ್ ಫ್ಲೇರ್: ವಯನಾಡಿನ ಜೀಪುಗಳಿಗೆ ಮನೆಯಲ್ಲೇ ಮಾಡಿ ಕಳಚಿಡುವ ಕಮಾನು ಪಟ್ಟಿ

ಫೆಂಡರ್ ಫ್ಲೇರ್: ವಾಹನದ ಚಕ್ರದ ಮೇಲಿರುವ ಕಮಾನಿನ ಅಂಚಿಗೆ ಸೇರಿಸುವ, ಹೊರಕ್ಕೆ ಚಾಚಿದ ಪಟ್ಟಿ. ಮಡ್‌ಗಾರ್ಡಿನ ಮುಂದುವರಿಕೆ ಎನ್ನಬಹುದು. ಕೆಸರು, ಕಲ್ಲು, ಕಡಿದಾದ ಏರುಗಳಲ್ಲಿ ಹಿಡಿತ ಸಿಗಲೆಂದು ಜೀಪಿಗೆ ಅಗಲದ ಟೈರು ಹಾಕಿದಾಗ ಟೈರಿನ ಹೊರಗಡೆಯ ಭಾಗ ಗಾಡಿಯ ಮೈಯಿಂದ ಆಚೆ ಬರುತ್ತದೆ. ಆ ಭಾಗವನ್ನು ಮುಚ್ಚಿ, ಅದು ಎತ್ತಿ ಎಸೆಯುವ ಕೆಸರು, ನೀರು, ಜಲ್ಲಿಗಳನ್ನು ತಡೆಯುವುದೇ ಫ್ಲೇರಿನ ಕೆಲಸ. ಅಂದಕ್ಕೆಂದೇ ಹಾಕಿಸುವವರೂ ಬಹಳ ಮಂದಿ ಇದ್ದಾರೆ. ಅವರ ಫ್ಲೇರುಗಳಿಗೆ ಅಳತೆಯ ಹಂಗಿಲ್ಲ, ಹಾಗಾಗಿ ಅವುಗಳ ಬಗ್ಗೆ ಇಲ್ಲಿ ಹೇಳಬೇಕಾದ್ದೂ ಹೆಚ್ಚಿಲ್ಲ. ಈ ಲೇಖನದ ವಿಷಯ ಮನೆಯಲ್ಲೋ ಊರಿನ ಟಿಂಕರಿಂಗ್ ಅಂಗಡಿಯಲ್ಲೋ ಮಾಡಿಕೊಳ್ಳುವ, ಬೇಕೆಂದಾಗ ಬಿಚ್ಚಿ ಒಳಗಿಡಬಹುದಾದ ಫ್ಲೇರು. ಕೇರಳದ ವಯನಾಡು ಜಿಲ್ಲೆಯನ್ನು ಮುಖ್ಯವಾಗಿ ಇಟ್ಟುಕೊಂಡಿದ್ದರೂ ಪಕ್ಕದ ಕೊಡಗಿಗೆ, ಎಚ್.ಡಿ. ಕೋಟೆ, ಗುಂಡ್ಲುಪೇಟೆ ತಾಲ್ಲೂಕುಗಳಿಗೆ, ಮಲೆನಾಡಿಗೆ ಇದರಲ್ಲಿ ಬಹುಪಾಲು ಹಾಗೆಯೇ ಹೊಂದುತ್ತದೆ.

ಹಿನ್ನೆಲೆ

1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲೀಸ್ ಜೀಪಿಗೆ ಫ್ಲೇರಿನ ಅಗತ್ಯವೇ ಇರಲಿಲ್ಲ. ಅದರ ಟೈರು 6.00-16, ಅಂದರೆ ಹೆಚ್ಚೂಕಡಿಮೆ ಆರು ಇಂಚು ಅಗಲದ್ದು. ಮುಂದಿನ ಮಡ್‌ಗಾರ್ಡು ಹಲಗೆಯಂತೆ ಚಪ್ಪಟೆಯಾಗಿ ಚಾಚಿಕೊಂಡು ಟೈರಿನ ಇಡೀ ಅಗಲವನ್ನು ಮುಚ್ಚುತ್ತಿತ್ತು. ಮಹೀಂದ್ರಾ ಕಂಪನಿ 1947ರಿಂದ ಭಾರತದಲ್ಲಿ ಜೋಡಿಸತೊಡಗಿದ ಜೀಪುಗಳೂ, ಮುಂದೆ ಅದೇ ವಂಶದಲ್ಲಿ ಬಂದ ಎಂಎಂ 540, ಮೇಜರ್ ಮುಂತಾದವೂ ಬಹುಮಟ್ಟಿಗೆ ಇದೇ ಮೈಕಟ್ಟಿನವು. ತೊಂದರೆ ಶುರುವಾದದ್ದು ಇಂಥ ಹಳೆಯ ಮೈಗೆ 31 ಇಂಚು ಎತ್ತರದ, ಹತ್ತೂವರೆ ಇಂಚು ಅಗಲದ ಟೈರನ್ನು ಕೂರಿಸುವ ಆಸೆ ಹುಟ್ಟಿದಾಗ. ರಿಮ್ಮಿನ ಲೆಕ್ಕ ಬಿಟ್ಟು ಬರೀ ಟೈರಿನ ಅಗಲದಿಂದಲೇ ಪ್ರತಿ ಬದಿಯಲ್ಲೂ ಎರಡೂಕಾಲು ಇಂಚು ಹೊರಗೆ ಬಂತು.

ಕಂಪನಿಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡವು. ಸುಜುಕಿಯ ಜಿಮ್ನಿ ಇದಕ್ಕೆ ಒಳ್ಳೆಯ ಪಾಠ. ಜಪಾನಿನಲ್ಲಿ ಕೇಯ್ ವರ್ಗದ ಪುಟ್ಟ ಕಾರುಗಳ ಅಗಲ 1480 ಮಿ.ಮೀ. ದಾಟುವಂತಿಲ್ಲ, ಅಲ್ಲಿಯ ಸಣ್ಣ ಜಿಮ್ನಿಯ ಅಗಲ 1475 ಮಿ.ಮೀ. ಅದೇ ಮೈಗೆ ಚಕ್ರಗಳನ್ನು ದೂರ ಸರಿಸಿ, ಕಪ್ಪು ಪ್ಲಾಸ್ಟಿಕ್ಕಿನ ಅಗಲ ಫ್ಲೇರು ಹಾಕಿದರೆ 1645 ಮಿ.ಮೀ.ನ ದೊಡ್ಡ ಜಿಮ್ನಿ ಆಗುತ್ತದೆ. 2023ರಲ್ಲಿ ಭಾರತಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯ ಅಗಲವೂ ಅಷ್ಟೇ. ನಮ್ಮ ಮಾರುತಿ ಜಿಪ್ಸಿಯೂ ತೊಂಬತ್ತರ ದಶಕದಲ್ಲಿ ಚಕ್ರಗಳ ಅಂತರ ಹಿಗ್ಗಿಸಿಕೊಂಡಾಗ ಮೈಯನ್ನು ಬದಲಿಸದೆ ಕಮಾನಿಗೆ ಪಟ್ಟಿ ಸೇರಿಸಿಕೊಂಡಿತು. ಚಕ್ರ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಫ್ಲೇರನ್ನು ಅದರ ಹಿಂದೆ ನಡೆಸಿಕೊಂಡು ಬಂದದ್ದು ಇವೆರಡರಲ್ಲೂ ಕಾಣುವ ಕ್ರಮ. ಮನೆಯಲ್ಲಿ ಮಾಡುವವರು ಬಹಳ ಸಲ ಇದನ್ನು ತಲೆಕೆಳಗು ಮಾಡುತ್ತಾರೆ.

ವಯನಾಡಿನ ನೆಲ, ವಯನಾಡಿನ ಜೀಪು

1980ರ ನವೆಂಬರ್ 1ರಂದು ಜಿಲ್ಲೆಯಾದ ವಯನಾಡು ಪಶ್ಚಿಮಘಟ್ಟದ ನೆತ್ತಿಯ ಮೇಲಿನ ಪ್ರಸ್ಥಭೂಮಿ. ಬಹುಭಾಗ ಸಮುದ್ರಮಟ್ಟದಿಂದ 700 ಮೀಟರಿನ ಮೇಲಿದೆ. ಚೆಂಬ್ರ ಶಿಖರ 2100 ಮೀಟರ್ ಮುಟ್ಟುತ್ತದೆ. ತಗ್ಗಿನಲ್ಲಿ ಗದ್ದೆಬಯಲು, ಮೇಲೆ ಕಾಫಿ, ಮೆಣಸು, ಅಡಕೆ, ಇನ್ನೂ ಮೇಲೆ ಮೇಪ್ಪಾಡಿ, ವೈತ್ತಿರಿ ಕಡೆಯ ಚಹಾ ತೋಟಗಳು. ಕೋಯಿಕ್ಕೋಡಿನಿಂದ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಘಾಟಿ ಹತ್ತಿದರೆ ಲಕ್ಕಿಡಿ. ಕೇರಳದಲ್ಲಿ ಮಳೆ ಅತಿ ಹೆಚ್ಚು ಸುರಿಯುವ ಜಾಗಗಳಲ್ಲಿ ಅದೊಂದು. ಕನ್ನಡನಾಡಿನಿಂದ ಹೋಗುವವರಿಗೆ ಗುಂಡ್ಲುಪೇಟೆ–ಮುತ್ತಂಗ, ಎಚ್.ಡಿ. ಕೋಟೆ–ಬಾವಲಿ, ಕುಟ್ಟ–ತೋಲ್ಪೆಟ್ಟಿ ದಾರಿಗಳು ಪರಿಚಿತ.

ಇಲ್ಲಿ ಜೀಪು ಶೋಕಿಯ ವಸ್ತುವಾದದ್ದು ಈಚೆಗೆ. 1940ರ ದಶಕದಿಂದ ತಿರುವಾಂಕೂರಿನ ಕಡೆಯ ವಲಸೆ ರೈತರು ಗುಡ್ಡ ಹತ್ತಿ ಬೇಸಾಯ ಹೂಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣದ ತೋಟಗಳಿಗೆ ಮಿಲಿಟರಿ ಹರಾಜಿನ ಜೀಪುಗಳು ಬಂದವು. ಬಸ್ಸು ನಿಲ್ಲುವ ಜಾಗದಿಂದ ಮುಂದಕ್ಕೆ ಜನ, ಗೊಬ್ಬರ, ಮೆಣಸಿನ ಚೀಲ ಎಲ್ಲವನ್ನೂ ಹೊತ್ತದ್ದು ಟ್ರಿಪ್ ಜೀಪುಗಳೇ. ಈಗ ಅದರ ಜೊತೆಗೆ ಪ್ರವಾಸಿಗರನ್ನು ಮೇಪ್ಪಾಡಿ ಬಳಿಯ ತೊಳ್ಳಾಯಿರಂಕಂಡಿಯಂಥ ಕಲ್ಲುದಾರಿಗಳಿಗೆ ಏರಿಸುವ ಜೀಪುಗಳು ಸೇರಿವೆ. ಮಾಂದಲ್‌ಪಟ್ಟಿಗೋ ಕೊಡಚಾದ್ರಿಗೋ ಜೀಪು ಹತ್ತಿ ಹೋದವರಿಗೆ ಈ ವ್ಯವಹಾರ ಹೊಸದೆನಿಸದು. ‘ಸ್ಪ್ಲ್ಯಾಷ್’ ಎಂಬ ಮಳೆಗಾಲದ ಪ್ರವಾಸೋತ್ಸವದಲ್ಲಿ ಕೆಸರುಗದ್ದೆಯ ಫುಟ್‌ಬಾಲಿನ ಜೊತೆ ಆಫ್‌ರೋಡ್ ಓಟವೂ ನಡೆದಿದೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋದಾಗ ಕೆಸರಿನಲ್ಲಿ ಓಡಬಲ್ಲ ಫೋರ್‌ವೀಲ್ ಜೀಪುಗಳು ರಕ್ಷಣಾ ಕೆಲಸಕ್ಕೆ ಇಳಿದದ್ದೂ ಈ ಚರಿತ್ರೆಯ ಭಾಗ.

ಒಂದೇ ಜೀಪು ಬೆಳಿಗ್ಗೆ ಹೆದ್ದಾರಿಯಲ್ಲಿ, ಮಧ್ಯಾಹ್ನ ಎರಡು ಬಂಡೆಗಳ ಸಂದಿಯಲ್ಲಿ, ಸಂಜೆ ಕಾಫಿ ಗಿಡಗಳ ಸಾಲಿನ ನಡುವೆ ಓಡುವ ಜಿಲ್ಲೆ ಇದು. ಖಾಯಂ ಆಗಿ ಬೆಸೆದ ಫ್ಲೇರು ಇಲ್ಲಿ ಬಾಳಿಕೆ ಬರುವುದು ಕಷ್ಟ. ಬಂಡೆಗೆ ತಗುಲಿದರೆ ಫ್ಲೇರು ಹೋಗುವುದಷ್ಟೇ ಅಲ್ಲ, ಅದು ಹಿಡಿದುಕೊಂಡ ಮಡ್‌ಗಾರ್ಡಿನ ತಗಡನ್ನೂ ಹರಿದುಕೊಂಡೇ ಹೋಗುತ್ತದೆ.

ಅಳತೆ

ಬೇಕಾದ ಅಗಲವನ್ನು ಕಣ್ಣಂದಾಜಿನಲ್ಲಿ ತೆಗೆಯುವುದು ಬೇಡ, ಲೆಕ್ಕ ಸುಲಭ. ಮೊದಲಿದ್ದ ಟೈರಿನ ಅಗಲ 205 ಮಿ.ಮೀ., ಹೊಸದು 235 ಎಂದಿರಲಿ. ಹೆಚ್ಚಿದ 30ರಲ್ಲಿ ಅರ್ಧ, ಅಂದರೆ 15 ಮಿ.ಮೀ. ಹೊರಕ್ಕೆ ಬರುತ್ತದೆ. ಹೊಸ ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮೈವರೆಗಿನ ದೂರ) 20 ಮಿ.ಮೀ. ಕಡಿಮೆ ಇದ್ದರೆ ಚಕ್ರ ಇನ್ನೂ 20 ಹೊರಗೆ ಸರಿಯುತ್ತದೆ. ಒಟ್ಟು 35. ಇದಕ್ಕೆ ಹದಿನೈದು ಮಿಲಿಮೀಟರ್ ಅಂಚು ಸೇರಿಸಿದರೆ 50 ಮಿ.ಮೀ.ನ ಫ್ಲೇರು ಸಾಕು. ಗಾಳಿ ಇಳಿಸಿ ಓಡಿಸುವಾಗ ಟೈರು ಉಬ್ಬುತ್ತದಲ್ಲ, ಅದಕ್ಕೂ ಜಾಗ ಬೇಡವೇ ಎಂದು ಕೇಳುವವರಿದ್ದಾರೆ. ಉಬ್ಬುವುದು ನೆಲ ಮುಟ್ಟುವ ಕಡೆ. ಕಮಾನಿನ ಹತ್ತಿರ ಟೈರು ತನ್ನ ಅಳತೆಯಲ್ಲೇ ಇರುತ್ತದೆ.

ಎಷ್ಟು ಉದ್ದ ಮುಚ್ಚಬೇಕು ಎಂಬುದಕ್ಕೆ ಯುರೋಪಿನ ಮಡ್‌ಗಾರ್ಡ್ ನಿಯಮ ಒಳ್ಳೆಯ ಅಳತೆಗೋಲು: ಚಕ್ರದ ನಡುವಿನಿಂದ ನೇರ ಮೇಲಕ್ಕೆ ಎಳೆದ ಗೆರೆಯಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿ. ಹಿಂದಕ್ಕೇ ಹೆಚ್ಚು ಬೇಕು, ಟೈರು ಕಲ್ಲು ಎಸೆಯುವುದು ಆ ಕಡೆಗೆ. ಅಂದವಾಗಿ ಕಾಣಲೆಂದು ಮುಂದೆ ಬಂಪರ್‌ವರೆಗೂ ಎಳೆದು ಹಿಂದೆ ಮೊಟಕು ಮಾಡಿದ ಫ್ಲೇರುಗಳನ್ನು ಎಲ್ಲ ಊರುಗಳಲ್ಲೂ ನೋಡಬಹುದು.

ನಿಂತ ಗಾಡಿಯಲ್ಲಿ ಸರಿಯಾಗಿ ಕಂಡ ಫ್ಲೇರು ಓಡುವಾಗ ಟೈರಿಗೆ ಉಜ್ಜಬಹುದು. ಹಳೆಯ ಜೀಪು, ಜಿಪ್ಸಿಗಳಲ್ಲಿ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆ್ಯಕ್ಸಲ್. ಒಂದು ಬದಿ ಇಳಿದರೆ ಇನ್ನೊಂದು ಬದಿಯ ಚಕ್ರ ಓರೆಯಾಗಿ ಕಮಾನಿನೊಳಕ್ಕೆ ಏರುತ್ತದೆ. ಆಗ ಮೊದಲು ಮುಟ್ಟುವುದು ಟೈರಿನ ಭುಜ. ಆದ್ದರಿಂದ ರಟ್ಟಿನಲ್ಲಿ ನಮೂನೆ ಕತ್ತರಿಸಿ ಅಂಟಿಸಿ, ಮುಂದಿನ ಒಂದು ಚಕ್ರವನ್ನೂ ಹಿಂದಿನ ಎದುರು ಬದಿಯ ಚಕ್ರವನ್ನೂ ದಿಣ್ಣೆಗೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ನೋಡಬೇಕು. ಜೊತೆಗೆ ಬಾಗಿಲು ತೆರೆಯುತ್ತದೆಯೇ, ಇಂಡಿಕೇಟರ್ ಮುಚ್ಚಿಹೋಯಿತೇ, ಡೀಸೆಲ್ ತುಂಬಿಸುವ ಬಾಯಿಗೆ ಅಡ್ಡ ಬಂತೇ ಎಂದೂ ನೋಡಿಕೊಳ್ಳಬೇಕು. ಈ ಒಂದು ಮಧ್ಯಾಹ್ನವನ್ನು ಉಳಿಸಲು ಹೋದವರು ಆಮೇಲೆ ಟೈರಿನ ಭುಜದಲ್ಲಿ ಉಂಗುರದಂತೆ ಕೊರೆದ ಗೆರೆಯನ್ನು ಕಾಣುತ್ತಾರೆ.

ಯಾವುದರಿಂದ ಮಾಡುವುದು

ಅತಿ ಸುಲಭದ್ದೂ, ನನ್ನ ಲೆಕ್ಕದಲ್ಲಿ ಈ ಸೀಮೆಗೆ ಅತಿ ಒಪ್ಪುವಂಥದ್ದೂ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರು. ಕಲ್ಲು ಕ್ರಷರುಗಳು ಸವೆದ ಬೆಲ್ಟನ್ನು ತೆಗೆದುಹಾಕುತ್ತವೆ. ಅದು ಗುಜರಿಗೆ ಬರುತ್ತದೆ. ಒಳಗೆ ಬಟ್ಟೆಯ ಪದರ, ಹೊರಗೆ ರಬ್ಬರು, ಆರರಿಂದ ಹತ್ತು ಮಿ.ಮೀ. ದಪ್ಪ. ಸೋಪಿನ ನೀರು ಸವರಿದ ಹರಿತ ಚಾಕುವಿನಿಂದ ಕುಯ್ಯಬಹುದು. ಬಂಡೆಗೆ ತಗುಲಿದರೆ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ, ತುಕ್ಕಿಲ್ಲ, ಬಣ್ಣ ಬೇಡ. ತೂಕವೊಂದು ದೋಷ. ಇನ್ನೊಂದು ಅದರ ರೂಪ: ಅದು ಎಂದಿಗೂ ಕಂಪನಿಯ ಸಾಮಾನಿನಂತೆ ಕಾಣುವುದಿಲ್ಲ.

ರಬ್ಬರನ್ನು ಕತ್ತರಿಸುವಲ್ಲಿ ಸ್ವಲ್ಪ ರೇಖಾಗಣಿತ ಬೇಕು. ಕಮಾನಿನ ಅಂಚು ಒಳಕ್ಕೆ ಮಡಿಚಿರುವ ಗಾಡಿಯಲ್ಲಿ ಆ ಮಡಿಕೆಗೇ ಪಟ್ಟಿಯನ್ನು ಕಟ್ಟುವುದಾದರೆ ನೇರ ಪಟ್ಟಿ ಸಾಕು. ಬಾಗಿದಾಗ ಅದು ಕೊಳವೆಯ ತುಂಡಿನಂತೆ ನೇರ ಹೊರಕ್ಕೆ ಚಾಚುತ್ತದೆ. ಪಟ್ಟಿ ಹೊರಗೆ ಹೋಗುತ್ತ ಅಗಲವಾಗಿ ಅರಳಬೇಕೆಂದರೆ ನೇರ ಪಟ್ಟಿ ಸಾಲದು. ದರ್ಜಿ ಲಂಗದ ಘೇರಿಗೆ ಬಟ್ಟೆಯನ್ನು ಬಿಲ್ಲಿನಾಕಾರದಲ್ಲಿ ಕತ್ತರಿಸುವ ಹಾಗೆ ಅಗಲ ಬೆಲ್ಟಿನಿಂದ ಬಾಗಿದ ಪಟ್ಟಿಯನ್ನೇ ತೆಗೆಯಬೇಕು. ಮೂರನೆಯ ಬಗೆಯಲ್ಲಿ ಪಟ್ಟಿಯ ಒಂದಂಚನ್ನು ಮಡಿಚಿ ಗಾಡಿಯ ಹೊರಮೈಗೆ ಒತ್ತಿ ಬೋಲ್ಟು ಹಾಕುತ್ತಾರೆ. ಆ ಮಡಿಕೆ ಕಮಾನಿಗಿಂತ ದೊಡ್ಡ ಸುತ್ತಿನಲ್ಲಿ ಕೂರಬೇಕಾದ್ದರಿಂದ ಎಳೆತ ಬೀಳುತ್ತದೆ. ಎರಡು ಮೂರು ಇಂಚಿಗೊಂದು ಸೀಳು ಕೊಟ್ಟರೆ ಸೀಳುಗಳು ಬೀಸಣಿಗೆಯಂತೆ ತೆರೆದು ಮಡಿಕೆ ಮೈಗೆ ಕೂರುತ್ತದೆ. ಅಲ್ಯೂಮಿನಿಯಂ ಆ್ಯಂಗಲ್‌ನಲ್ಲಿ ಮಾಡುವವರಿಗೂ ಇದೇ ಉಪಾಯ.

ತಗಡಿನ ಮಾತು ಬೇಗ ಮುಗಿಯುತ್ತದೆ. ಸುಮಾರು ಒಂದು ಮಿ.ಮೀ. ದಪ್ಪದ ಜಿಐ ಅಥವಾ ಅಲ್ಯೂಮಿನಿಯಂ ತಗಡಿನಲ್ಲಿ ಯಾವ ಟಿಂಕರಿಂಗ್ ಅಂಗಡಿಯೂ ಫ್ಲೇರು ಮಾಡಿಕೊಡುತ್ತದೆ, ನೋಡಲೂ ಚೆನ್ನ. ಆದರೆ ಒಮ್ಮೆ ತಗುಲಿದರೆ ಮಡಿಚಿಕೊಂಡು ಟೈರಿಗೇ ಚುಚ್ಚುತ್ತದೆ. ಹರಿತ ಅಂಚು ದಾರಿಹೋಕರಿಗೂ ಅಪಾಯ. ರಬ್ಬರ್ ಬೀಡಿಂಗ್ ಹಾಕದ ತಗಡಿನ ಫ್ಲೇರನ್ನು ರಸ್ತೆಗೆ ತರಲೇಬಾರದು. ಅಲ್ಯೂಮಿನಿಯಂ ನೇರವಾಗಿ ಕಬ್ಬಿಣದ ಮೈಗೆ ತಾಗಿ ನಡುವೆ ನೀರು ನಿಂತರೆ ಎರಡು ಲೋಹಗಳ ನಡುವಿನ ರಾಸಾಯನಿಕ ಕ್ರಿಯೆಯಿಂದ ಸವೆತ ಜೋರಾಗುತ್ತದೆ. ಮಧ್ಯೆ ರಬ್ಬರ್ ಪಟ್ಟಿ ಇಡುವುದು ಕಡ್ಡಾಯ.

ನೀರಿನ, ರಾಸಾಯನಿಕದ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮೂ ಒಳ್ಳೆಯ ಸರಕು. ಅದು ಎಚ್‌ಡಿಪಿಇ, ಪೆಟ್ಟು ತಾಳುತ್ತದೆ, ಒಡೆಯುವುದಿಲ್ಲ. ಡ್ರಮ್ಮಿನ ಅಡ್ಡಗಲ ಸುಮಾರು 58 ಸೆಂ.ಮೀ.; 31 ಇಂಚಿನ ಟೈರೇ 79 ಸೆಂ.ಮೀ. ಇರುವುದರಿಂದ ಕಮಾನು ಅದಕ್ಕಿಂತ ದೊಡ್ಡದು. ಹಾಗಾಗಿ ಡ್ರಮ್ಮಿನಿಂದ ಕೊಯ್ದ ಪಟ್ಟಿಯನ್ನು ಹೀಟ್‌ಗನ್ನಿನಿಂದ ಬಿಸಿ ಮಾಡಿ ಸ್ವಲ್ಪ ಬಿಡಿಸಬೇಕು. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಪ್ಲಾಸ್ಟಿಕ್ ಕರಗಿಬಿಡುತ್ತದೆ, ಅದಕ್ಕಿಂತ ಕೆಳಗೇ ನಿಲ್ಲಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮಾದರೆ ತೊಳೆಯದೆ ಬಿಸಿ ತಾಗಿಸಬಾರದು. ಇದಕ್ಕೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಬಿಸಿಲಿಗೆ ಹಿಗ್ಗುವ ಗುಣವೂ ಜಾಸ್ತಿ: ಒಂದು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಏರಿಳಿತಕ್ಕೆ ನಾಲ್ಕೈದು ಮಿ.ಮೀ. ಬೆಳೆಯಬಹುದು. ದುಂಡು ತೂತು ಕೊರೆದರೆ ನಡುವೆ ಅಲೆಯಂತೆ ಉಬ್ಬುತ್ತದೆ. ತೂತುಗಳನ್ನು ಉದ್ದನೆಯ ಸೀಳಿನಂತೆ ಕೊರೆದರೆ ಈ ಕಾಟ ಇಲ್ಲ. ಪಿವಿಸಿ ಪೈಪನ್ನು ಸೀಳಿ ಬಳಸುವವರೂ ಇದ್ದಾರೆ. ಅದು 80 ಡಿಗ್ರಿಗೇ ಮೆತ್ತಗಾಗುವುದರಿಂದ ಕೆಲಸ ಸಲೀಸು, ಆದರೆ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಸೈಲೆನ್ಸರ್ ಹತ್ತಿರದ ಚಕ್ರಕ್ಕೆ ಈ ಎರಡು ಪ್ಲಾಸ್ಟಿಕ್ಕುಗಳೂ ಬೇಡ.

ಕೈಕೆಲಸದ ಹುಮ್ಮಸ್ಸಿರುವವರು ಕೊನೆಗೆ ಬಂದು ನಿಲ್ಲುವುದು ಫೈಬರಿಗೆ, ಅಂದರೆ ಗಾಜಿನ ನಾರಿನ ಮ್ಯಾಟು ಮತ್ತು ಪಾಲಿಯೆಸ್ಟರ್ ರೆಸಿನ್. ಬೇಕಾದ ಆಕಾರ ಬರುತ್ತದೆ, ಬಣ್ಣ ಹಿಡಿಯುತ್ತದೆ, ಹಗುರ. ಗಾಡಿಯ ಕಮಾನಿಗೆ ಟೇಪು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಜೇಡಿಮಣ್ಣಿನಿಂದ ಆಕಾರ ಕಟ್ಟಿ, ಮೇಣ ಹಚ್ಚಿ, ಅದರ ಮೇಲೆ ಮ್ಯಾಟನ್ನು ಹಾಸುತ್ತ ರೆಸಿನ್ ಕುಡಿಸುತ್ತಾರೆ. ಮಣ್ಣಿನ ಬದಲು ಥರ್ಮಾಕೋಲ್ ಇಟ್ಟರೆ ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿ ನುಂಗುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಮೂರು ಪದರ ಹಾಕಿದರೆ ಸುಮಾರು ಮೂರು ಮಿ.ಮೀ. ದಪ್ಪ ಸಿಗುತ್ತದೆ. ಕಮಾನಿನ ಅರ್ಧಸುತ್ತು ಹತ್ತಿರಹತ್ತಿರ ಒಂದೂವರೆ ಮೀಟರ್. ಮಡಿಕೆ ಸೇರಿ 12 ಸೆಂ.ಮೀ. ಅಗಲ ಹಿಡಿದರೆ ನಾಲ್ಕು ಚಕ್ರಕ್ಕೂ ಸೇರಿ ಒಂದು ಕಿಲೊ ಮ್ಯಾಟು, ಎರಡೂವರೆ ಕಿಲೊ ರೆಸಿನ್ ಬೇಕಾಗುತ್ತದೆ. ಎಡದ ಅಚ್ಚು ಬಲಕ್ಕೆ ಆಗದು, ಮುಂದಿನದು ಹಿಂದಕ್ಕೆ ಆಗದು; ನಾಲ್ಕನ್ನೂ ಬೇರೆ ಬೇರೆ ಕಟ್ಟಬೇಕು. ಆಕಾರ ಒಳಕ್ಕೆ ಕೊಕ್ಕೆಯಂತೆ ತಿರುಗಿದ್ದರೆ ಒಣಗಿದ ಫ್ಲೇರು ಅಚ್ಚಿನಿಂದ ಹೊರಗೇ ಬರುವುದಿಲ್ಲ ಎಂಬುದನ್ನು ಮಣ್ಣು ಮೆತ್ತುವಾಗಲೇ ಯೋಚಿಸಿರಬೇಕು.

ಫೈಬರ್ ಕೆಲಸಕ್ಕೆ ವಯನಾಡಿನ ಹವೆ ವರ್ಷವಿಡೀ ಅನುಕೂಲವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಮ್ಯಾಟು ನೀರು ಹೀರಿ ರೆಸಿನ್ ಬೆಳ್ಳಗೆ ಮಂಕಾಗುತ್ತದೆ; ಚಳಿಗಾಲದ ಬೆಳಗಿನಲ್ಲಿ ಗಟ್ಟಿಯಾಗಲು ಮೊಂಡು ಹಿಡಿಯುತ್ತದೆ. ಆಗ ಹಾರ್ಡನರ್ ಸುರಿಯುವ ಚಪಲ ಹುಟ್ಟುತ್ತದೆ. ಒಂದರಿಂದ ಎರಡು ಶೇಕಡದ ಮಿತಿ ದಾಟಿದರೆ ರೆಸಿನ್ ಕಾದು ಬಿರುಕು ಬಿಡುತ್ತದೆ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಮಧ್ಯಾಹ್ನಗಳೇ ಇದಕ್ಕೆ ತಕ್ಕವು. ಹಾರ್ಡನರ್ ಆಗಿ ಕೊಡುವ ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಮುಟ್ಟಬಾರದು. ಅದನ್ನೂ ಕೋಬಾಲ್ಟ್ ಆ್ಯಕ್ಸಿಲರೇಟರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಗ್ರೈಂಡರ್ ಹಿಡಿಯುವಾಗ ಎದ್ದ ಗಾಜಿನ ದೂಳು ಮೈಯೆಲ್ಲ ತುರಿಸುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಇಷ್ಟೆಲ್ಲ ಪಟ್ಟು ಮಾಡಿದ ಫೈಬರ್ ಫ್ಲೇರು ಬಂಡೆಯ ಒಂದೇ ಏಟಿಗೆ ಸೀಳುತ್ತದೆ. ಮತ್ತೆ ಮ್ಯಾಟು ಹಚ್ಚಿ ಕೂಡಿಸಬಹುದು ಎಂಬುದೊಂದೇ ಸಮಾಧಾನ.

ಕೂಡಿಸುವುದು, ಕಳಚುವುದು

ಕಳಚುವ ಫ್ಲೇರಿನ ಜೀವ ಇರುವುದು ಅದರ ಹಿಡಿತದಲ್ಲಿ. ಹಿಡಿತ ಎಷ್ಟು ಗಟ್ಟಿ ಇರಬೇಕು ಎಂಬುದಕ್ಕಿಂತ ಎಷ್ಟು ಮೆದು ಇರಬೇಕು ಎಂಬುದೇ ಇಲ್ಲಿ ಪ್ರಶ್ನೆ. ಗಾಳಿಗೆ, ಕೆಸರಿನ ಭಾರಕ್ಕೆ ಜಗ್ಗಬಾರದು. ಬಂಡೆ ಎಳೆದರೆ ಮಡ್‌ಗಾರ್ಡಿಗಿಂತ ಮೊದಲು ಅದೇ ಬಿಟ್ಟುಕೊಡಬೇಕು.

ಬಲ್ಲವರು ಗಾಡಿಯ ತಗಡಿನಲ್ಲಿ ಎಂ6 ಅಳತೆಯ ರಿವೆಟ್ ನಟ್ಟುಗಳನ್ನು ಕೂರಿಸುತ್ತಾರೆ. ತೂತಿಗೆ ಹಾಕಿ ಒತ್ತಿದರೆ ತಗಡನ್ನು ಎರಡೂ ಕಡೆಯಿಂದ ಕಚ್ಚಿ ನಿಲ್ಲುವ, ಒಳಗೆ ತಿರುಪಿನ ಎಳೆ (ಮರೆ) ಇರುವ ನಟ್ಟು ಅದು; ಹಿಂದಿನಿಂದ ಸ್ಪ್ಯಾನರ್ ಹಿಡಿಯುವ ಅಗತ್ಯವಿಲ್ಲ. ಒಂದೊಂದು ಕಮಾನಿಗೆ 12–15 ಸೆಂ.ಮೀ.ಗೆ ಒಂದರಂತೆ ಹತ್ತು ಹನ್ನೆರಡು ಸಾಕು. ತೂತು ಕೊರೆದ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚದೆ ನಟ್ಟು ಕೂರಿಸಿದರೆ ಎರಡು ಮಳೆಗಾಲಕ್ಕೆ ಅದರ ಸುತ್ತ ತುಕ್ಕು ತಿಂದು ನಟ್ಟೇ ತಿರುಗತೊಡಗುತ್ತದೆ. ತಿರುಗುವ ನಟ್ಟಿನಿಂದ ಬೋಲ್ಟು ಬಿಚ್ಚುವುದು ಎಷ್ಟು ಸಿಟ್ಟು ತರಿಸುವ ಕೆಲಸ ಎಂಬುದು ಮಾಡಿದವರಿಗೇ ಗೊತ್ತು.

ಬೋಲ್ಟು ಉಕ್ಕಿನದಾಗಬೇಕಿಲ್ಲ. ನೈಲಾನ್ ಬೋಲ್ಟು ಎರಡು ರೀತಿಯಲ್ಲಿ ಗೆಲ್ಲುತ್ತದೆ: ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಬಂಡೆ ಎಳೆದಾಗ ಪಟಪಟನೆ ತುಂಡಾಗಿ ತಗಡನ್ನು ಉಳಿಸುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಿಡಿಯಷ್ಟು ಹೊಸ ಬೋಲ್ಟು ಇಟ್ಟುಕೊಂಡರೆ ಆಯಿತು. ಕಳಚಿ ಬಿದ್ದ ಫ್ಲೇರು ಹಳ್ಳಕ್ಕೆ ಹೋಗದಂತೆ ಒಂದು ತುದಿಗೆ ತೆಳು ವೈರನ್ನು ಕಟ್ಟಿ ಚಾಸಿಗೆ ಸಿಕ್ಕಿಸಿರುತ್ತಾರೆ. ಬಿಚ್ಚಿಟ್ಟ ದಿನಗಳಲ್ಲಿ ನಟ್ಟಿನ ಬಾಯಿಗೆ ರಬ್ಬರ್ ಬಿರಡೆ ಹಾಕಬೇಕು, ಇಲ್ಲವಾದರೆ ಕೆಂಪುಮಣ್ಣು ಮರೆಯೊಳಗೆ ಒಣಗಿ ಗಾರೆಯಾಗುತ್ತದೆ.

ತೂತು ಕೊರೆಯಲು ಮನಸ್ಸಿಲ್ಲದವರಿಗೆ ಕಮಾನಿನ ಒಳಮಡಿಕೆಯನ್ನು ಹಿಡಿಯುವ ಕ್ಲ್ಯಾಂಪುಗಳಿವೆ. ಎರಡು ಬದಿ ಅಂಟುವ ಟೇಪು ಮಳೆ ಬಿಸಿಲು ತಡೆದರೂ ಪದೇಪದೇ ಬಿಚ್ಚಲು ಬರುವುದಿಲ್ಲ. ಅಯಸ್ಕಾಂತ ಹಚ್ಚುವುದನ್ನು ಕೆಲವರು ಮೆಚ್ಚುತ್ತಾರೆ. ಅಯಸ್ಕಾಂತಕ್ಕೂ ತಗಡಿಗೂ ನಡುವೆ ಮರಳು ಸೇರಿದರೆ ಬಣ್ಣವನ್ನು ಎಮೆರಿ ಕಾಗದದಂತೆ ಉಜ್ಜಿಹಾಕುತ್ತದೆ.

ಯಾವಾಗ ಹಾಕುವುದು, ಯಾವಾಗ ಬಿಚ್ಚುವುದು? ಇಲ್ಲಿ ರೂಢಿ ಪೂರ್ತಿ ಎಡವಿದೆ. ಕಾಡುದಾರಿಗೆ ಹೊರಟಾಗ ಜಬರ್ದಸ್ತಾಗಿ ಫ್ಲೇರು ಏರಿಸಿ, ತಪಾಸಣೆಗೆ ಹೆದರಿ ಪೇಟೆಗೆ ಬರುವಾಗ ಬಿಚ್ಚುವವರೇ ಜಾಸ್ತಿ. ನಿಜಕ್ಕೂ ಫ್ಲೇರು ಬೇಕಾದದ್ದು ರಸ್ತೆಯಲ್ಲಿ. ತಾಮರಶ್ಶೇರಿ ಘಾಟಿಯಲ್ಲಿ ಜೀಪಿನ ಹಿಂದೆ ಸಾಲಾಗಿ ಸ್ಕೂಟರು, ಬೈಕು ಬರುತ್ತವೆ. ಮೈಯಿಂದ ಹೊರಬಂದ ಬೆತ್ತಲೆ ಟೈರಿನ ಹಲ್ಲುಗಳ ನಡುವೆ ಸಿಕ್ಕಿದ ಜಲ್ಲಿ ವೇಗ ಏರಿದೊಡನೆ ಅವರ ಮುಖಕ್ಕೇ ಹಾರುತ್ತದೆ. ಮಳೆಯಲ್ಲಿ ಟೈರು ಎಬ್ಬಿಸುವ ನೀರು ಪಕ್ಕದವನ ಕಣ್ಣು ಕಟ್ಟುತ್ತದೆ. ಬಂಡೆಗಳ ನಡುವೆ ನಡಿಗೆಯ ವೇಗದಲ್ಲಿ ಸಾಗುವಾಗ ಟೈರು ಏನನ್ನೂ ಎಸೆಯುವುದಿಲ್ಲ, ಅಲ್ಲಿ ಫ್ಲೇರಿಗೆ ಪೆಟ್ಟು ತಿನ್ನುವುದೊಂದೇ ಕೆಲಸ. ರಸ್ತೆ ಮುಗಿಯುವಲ್ಲಿ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ತಳ್ಳಿ, ಮರಳಿ ರಸ್ತೆಗೆ ಬಂದಾಗ ಕಟ್ಟಿಕೊಳ್ಳುವುದು ಸರಿಯಾದ ಕ್ರಮ.

ಕಾನೂನು

ತಪಾಸಣೆಯ ಹೆದರಿಕೆಗೆ ಆಧಾರವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ಉತ್ಪಾದಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆ ಎಂದು ಕಾಯ್ದೆಯೇ ವಿವರಿಸುತ್ತದೆ. ಕೇರಳದಿಂದಲೇ ಹೋದ ಪ್ರಾದೇಶಿಕ ಸಾರಿಗೆ ಅಧಿಕಾರಿ ಮತ್ತು ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಈ ಕಲಂ ಅನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಮಾರ್ಪಾಡಿಗೆ, ಹೊರಗಿನ ಭಾಗಗಳನ್ನು ಜೋಡಿಸುವುದೂ ಸೇರಿದಂತೆ, ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸುತ್ತದೆ. 2024ರ ಜುಲೈಯಲ್ಲಿ ವಯನಾಡಿನ ಪನಮರಂ ಪೇಟೆಯಲ್ಲಿ ನಂಬರ್ ಪ್ಲೇಟಿಲ್ಲದ, ಮಾರ್ಪಡಿಸಿದ ಜೀಪೊಂದು ಓಡಿದ ವಿಡಿಯೊ ಹರಿದಾಡಿತು. ಕೇರಳ ಹೈಕೋರ್ಟು ಆ ಸಂಗತಿಯನ್ನು ಕೈಗೆತ್ತಿಕೊಂಡಿತು. ಅಲ್ಲಿಂದೀಚೆಗೆ ಜಿಲ್ಲೆಯಲ್ಲಿ ಕೆಎಲ್ 12, 72, 73 ಯಾವ ಫಲಕದ ಜೀಪಿನವರೂ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾಯ್ದೆ ಕೇಂದ್ರದ್ದಾದ್ದರಿಂದ ಕರ್ನಾಟಕದ ಗಾಡಿಗಳಿಗೂ ವಿನಾಯಿತಿಯಿಲ್ಲ.

ಕೆಲವು ಬೋಲ್ಟು ಬಿಚ್ಚಿದರೆ ಹೋಗುವ ಪಟ್ಟಿ ‘ಮೂಲ ಲಕ್ಷಣ’ವನ್ನು ಬದಲಿಸುತ್ತದೆಯೇ ಎಂದು ವಾದಿಸಬಹುದು. ಆದರೆ ಅಧಿಕಾರಿಯ ಕಣ್ಣು ಮೊದಲು ಬೀಳುವುದು ಫ್ಲೇರಿನ ಮೇಲಲ್ಲ, ಅದರ ಕೆಳಗಿನ ಟೈರಿನ ಮೇಲೆ. ಕಂಪನಿ ಆ ಮಾದರಿಗೆ ಹೇಳಿದ ಅಳತೆಯನ್ನು ಮೀರಿದ ಟೈರನ್ನು ಯಾವ ಫ್ಲೇರೂ ಸಕ್ರಮ ಮಾಡುವುದಿಲ್ಲ. ಓಡಾಟಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದೇ ಕ್ಷೇಮ. ಅರಣ್ಯದ ಮಾತು ಇನ್ನೂ ನೇರ: 1973ರಲ್ಲಿ ಘೋಷಣೆಯಾದ, 344 ಚದರ ಕಿ.ಮೀ. ಹರಡಿದ ವಯನಾಡು ವನ್ಯಜೀವಿಧಾಮದೊಳಗೆ ಸಾರ್ವಜನಿಕ ರಸ್ತೆಯ ಹೊರತು ಖಾಸಗಿ ಜೀಪಿನ ಸವಾರಿಗೆ ಅವಕಾಶವೇ ಇಲ್ಲ. ಮುತ್ತಂಗ, ತೋಲ್ಪೆಟ್ಟಿಗಳಲ್ಲಿ ಸಫಾರಿಗೆ ಗೊತ್ತುಮಾಡಿದ ವಾಹನಗಳು ಮಾತ್ರ ಹೋಗುತ್ತವೆ. ಜೋರು ಮಳೆಯ ದಿನಗಳಲ್ಲಿ ಜಿಲ್ಲಾಡಳಿತ ಉಳಿದ ಸಾಹಸ ತಾಣಗಳನ್ನೂ ಮುಚ್ಚಿಸುತ್ತದೆ.

ಕೆಸರು

ಫ್ಲೇರಿನ ಹಿಂಬದಿ ಕೆಸರಿನ ಗೂಡು. ಒದ್ದೆ ಮಣ್ಣು ಅಲ್ಲಿ ಒತ್ತಿ ಕೂತು ತಿಂಗಳುಗಟ್ಟಲೆ ಒಣಗದೆ ತಗಡನ್ನು ತಿನ್ನುತ್ತದೆ. ಹಳೆಯ ಜೀಪುಗಳ ಮಡ್‌ಗಾರ್ಡು ಒಳಗಿನಿಂದ ಜರಡಿಯಾಗುವುದು ಹೀಗೆ. ತಳದಲ್ಲಿ ಎರಡು ತೂತು ಬಿಟ್ಟರೆ ನೀರು ಇಳಿಯುತ್ತದೆ, ಮಣ್ಣು ಇಳಿಯುವುದಿಲ್ಲ. ಅದಕ್ಕೆ ಬಿಚ್ಚಿ ತೊಳೆಯಲೇಬೇಕು.

ತೋಟದವರಿಗೆ ಇದರಲ್ಲಿ ತುಕ್ಕಿಗಿಂತ ದೊಡ್ಡ ಚಿಂತೆಯಿದೆ. ವಯನಾಡಿನ ಬೆಳೆಗಾರರು ಮೈಸೂರು, ಎಚ್.ಡಿ. ಕೋಟೆ, ಕೊಡಗಿನ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವುದು ಎಲ್ಲರಿಗೂ ಗೊತ್ತು. ಒಂದೇ ಜೀಪು ಒಂದು ಗದ್ದೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಓಡುತ್ತದೆ. ಶುಂಠಿಯ ಗಡ್ಡೆ ಕೊಳೆಸುವ ಪಿಥಿಯಂ, ಹಸಿರಾಗಿಯೇ ಬಾಡಿಸುವ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ, ಕಾಳುಮೆಣಸಿನ ಶೀಘ್ರ ಸೊರಗು ರೋಗದ ಫೈಟಾಫ್ತೊರಾ, ಮೂರೂ ಮಣ್ಣಿನಲ್ಲಿ ಬದುಕಿ ಮಣ್ಣಿನ ಜೊತೆಗೇ ಊರೂರು ಸುತ್ತುತ್ತವೆ. ಕಳೆ ಬೀಜಗಳೂ ಹಾಗೆಯೇ ಗಾಡಿಯ ಕೆಸರಿನಲ್ಲಿ ಪಯಣಿಸುತ್ತವೆ. ವನ್ಯಜೀವಿಧಾಮವನ್ನು ಮಂಜಕ್ಕೊನ್ನ ಎಂಬ ಹೊರಗಿನ ಸೆನ್ನಾ ಮರ ಆವರಿಸಿಕೊಂಡಿರುವ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋಗ ಬಿದ್ದ ಹೊಲದಿಂದ ಹೊರಡುವ ಮೊದಲು ನಾಲ್ಕೂ ಫ್ಲೇರು ಬಿಚ್ಚಿ, ಕಮಾನಿನ ಮಣ್ಣನ್ನು ಅಲ್ಲೇ ಕೆರೆದು ಬೀಳಿಸಬೇಕು. ತೊಳೆಯುವ ನೀರು ಹಳ್ಳಕ್ಕಾಗಲಿ ಪಕ್ಕದ ಪಾತಿಗಾಗಲಿ ಹರಿಯಬಾರದು. ತೊಳೆದ ಫ್ಲೇರುಗಳನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಆಮೇಲೆ ಕಟ್ಟಿಕೊಳ್ಳಬೇಕು.